ಗೆಣಸಕ್ಕನ ನಡುಪಟ್ಟಿ

ಬೆಳಿಗ್ಗೆ ಎದ್ದು ಮುಖ ತೊಳೆಯುವ ನೀರನ್ನು ಗೆಣಸಕ್ಕ ಬಚ್ಚಲಿಗೆ ಚೆಲ್ಲುವುದಿಲ್ಲ. ಚೊಂಬು ಹಿಡಿದು ಹಿತ್ತಿಲ ಬಾಗಿಲು ತೆಗೆಯುತ್ತಾಳೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಅಲ್ಲೇ ಮುಖ ತೊಳೆಯುತ್ತಾಳೆ. ಕಲ್ಲಿನ ಬುಡದಲ್ಲಿ ಒಂದು ಮಂಚದಗಲ ಗೆಣಸಿನ ಬಳ್ಳಿ ಹಬ್ಬಿಕೊಂಡಿದೆ. ಮುಖದಿಂದ ಇಳಿದ ನೀರು ಅದರ ಮೇಲೇ ಬೀಳಬೇಕು. ಬೇಸಗೆಯಲ್ಲಿ ಹೊಲದ ಬಳ್ಳಿಯೆಲ್ಲ ಒಣಗಿ ಹಗ್ಗವಾದ ಮೇಲೆ ಹಸಿರಾಗಿ ಉಳಿಯುವುದು ಇದೊಂದೇ. ಮಳೆ ಬಿದ್ದಾಗ ಇದರ ಕುಡಿಗಳನ್ನು ತುಂಡು ಮಾಡಿಯೇ ಹೊಲದಲ್ಲಿ ನೆಡಬೇಕು. ಮಗಳ ಮದುವೆಯ ದಿನ ಮನೆ ತುಂಬ ನೆಂಟರಿದ್ದಾಗಲೂ ಅವಳು ಚೊಂಬು ಹಿಡಿದು ಹಿತ್ತಿಲಿಗೇ ಹೋಗಿದ್ದಳು.

"ಒಂದು ದಿನ ಬಿಟ್ರೆ ಬಳ್ಳಿ ಸತ್ತುಹೋಗತ್ತೇನೇ?" ಎಂದು ಯಾರೋ ದೊಡ್ಡಮ್ಮ ನಕ್ಕಿದ್ದರು.

"ಸಾಯಲ್ಲ ದೊಡ್ಡಮ್ಮ. ಆದ್ರೆ ನಾನು ಮರೆತೆ ಅಂತ ಅದಕ್ಕೆ ಗೊತ್ತಾಗ್ಬಿಡತ್ತೆ."

ನೀರು ಹಾಕುವಾಗ ಅವಳ ತುಟಿ ಸಣ್ಣಗೆ ಅಲುಗುತ್ತದೆ. ದೇವರ ಹತ್ತಿರ ಏನು ಕೇಳುತ್ತಾಳೋ ಯಾರಿಗೂ ಗೊತ್ತಿಲ್ಲ. ಗಂಡ ಒಮ್ಮೆ ಕೇಳಿದ್ದಕ್ಕೆ, "ಕೇಳೋದಲ್ಲ ರೀ, ಎದ್ದಿದ್ದೀನಿ ಅಂತ ಹೇಳೋದು" ಎಂದಿದ್ದಳಂತೆ.

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಗೆಣಸಕ್ಕ ಎಂಬುದು ಹಿಟ್ಟಿನ ಗಿರಣಿಯವನು ಕೀಟಲೆಗೆ ಇಟ್ಟದ್ದು. ಊರೆಲ್ಲ ಮೆಕ್ಕೆಜೋಳ ಒಂದನ್ನೇ ಬೆಳೆದು ಒಂದೇ ವಾರದಲ್ಲಿ ಲಾರಿಗೆ ತುಂಬುವ ಕಾಲದಲ್ಲಿ, ಇವಳೊಬ್ಬಳು ಜೋಳದ ಸಾಲಿನ ಪಕ್ಕ ಅಲಸಂದೆ, ಅಲಸಂದೆಯ ಪಕ್ಕ ಗೆಣಸು ಎಂದು ಅಕ್ಕಡಿ ಸಾಲು ಹಾಕುತ್ತಿದ್ದಳು. ಬಾವಿಯಿಲ್ಲ, ಕಾಲುವೆಯಿಲ್ಲ. ಮಳೆ ಬಂದರೆ ಬೆಳೆ. ಹಾಗಿದ್ದರೂ ಅವಳ ಒಲೆಯ ಮೇಲೆ ಏನಾದರೊಂದು ಹೊಲದ್ದು ಬೇಯುತ್ತಲೇ ಇರುತ್ತಿತ್ತು. ಮೊದಲು ಅಲಸಂದೆಯ ಎಳೆಕಾಯಿ, ಆಮೇಲೆ ಜೋಳದ ತೆನೆ, ಜೋಳ ಮುಗಿದ ಎಷ್ಟೋ ದಿನದ ಮೇಲೆ ಗೆಣಸು. ಅತ್ತೆ ಹಾಗೆ ಮಾಡುತ್ತಿದ್ದರು, ಇವಳೂ ಮಾಡಿದಳು. ಅತ್ತೆ ಹೋದ ಮೇಲೆ ಊರಿನಲ್ಲಿ ಹಾಗೆ ಮಾಡುವವಳು ಇವಳೊಬ್ಬಳೇ ಆದಳು.

ಕಷ್ಟ ಇದ್ದದ್ದು ಆ ಹೊಲ ಇದ್ದ ಜಾಗದಲ್ಲಿ. ಮಾವ ತೀರಿಕೊಳ್ಳುವ ಮೊದಲು ಹೊಲವನ್ನು ಮೂರು ಪಟ್ಟಿ ಮಾಡಿದ್ದರು. ರಸ್ತೆ ಕಡೆಯದೂ ಕೊರಕಲಿನ ಕಡೆಯದೂ ದೊಡ್ಡ ಮಗನಿಗೆ, ನಡುವಿನದು ಚಿಕ್ಕವನಿಗೆ. ಎರಡು ತುದಿಯ ಮಣ್ಣು ತೆಳು, ನಡುವಿನದು ದಪ್ಪ. ಬೆಳೆಗೆ ಬೆಳೆ ಸರಿಹೋಗಲಿ ಎಂದು ಹಾಗೆ ಮಾಡಿದ್ದರು. ಎತ್ತಿನ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಟ್ರಾಕ್ಟರು ಬಂದ ಮೇಲೂ ಆಗಲಿಲ್ಲ. ತೊಂದರೆ ಬಂದದ್ದು ಕಟಾವಿನ ಯಂತ್ರದ ಮಾತು ಎದ್ದ ಮೇಲೆ.

ಅವಳ ಗಂಡ ವೆಲ್ಡಿಂಗ್ ಅಂಗಡಿಯವನು. ಹಗಲೆಲ್ಲ ಮುಖಕ್ಕೆ ಕಪ್ಪು ಗಾಜಿನ ಮುಚ್ಚಿಗೆ ಹಾಕಿಕೊಂಡು ಗೇಟು, ಕಿಟಕಿ ಬೆಸೆಯುತ್ತಾನೆ. ಮುಚ್ಚಿಗೆಯೊಳಗೆ ಮಾತಾಡಿ ಪ್ರಯೋಜನವಿಲ್ಲವಾದ್ದರಿಂದ ಹೊರಗೂ ಮಾತು ಕಡಿಮೆ. ಹೊಲ ಹೆಂಡತಿಯ ಕಾರುಬಾರು. ಅವನ ಅಣ್ಣ, ಅಂದರೆ ಗೆಣಸಕ್ಕನ ಭಾವ, ಅದಕ್ಕೆ ತದ್ವಿರುದ್ಧ. ಕೆಟ್ಟವರಲ್ಲ, ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ತಮ್ಮನ ಪಟ್ಟಿಯನ್ನೂ "ನಮ್ಮ ಹೊಲ" ಎಂದೇ ಹೇಳುವ ಅಭ್ಯಾಸ.

ಆ ವರ್ಷ ಮುಂಗಾರಿಗೆ ಮೊದಲು ಭಾವ ತಮ್ಮ ಮನೆಯ ಜಗಲಿಗೆ ಇವಳನ್ನು ಕರೆಸಿದರು. ಓರಗಿತ್ತಿ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ನೋಡಮ್ಮ, ಈ ಸಲ ಕಟಾವಿಗೆ ಯಂತ್ರ ಬರತ್ತೆ. ಎಲ್ಲಾ ಗೊತ್ತು ಮಾಡಿದ್ದೀನಿ. ರಸ್ತೆ ಕಡೆಯಿಂದ ನುಗ್ಗಿ ಕೊರಕಲಿನವರೆಗೆ ಒಂದೇ ಓಟ. ನೀನೂ ಬರೀ ಜೋಳ ಹಾಕು. ನಾನೇ ಬಿತ್ತಿಸ್ತೀನಿ, ನಾನೇ ಕುಯ್ಯಿಸ್ತೀನಿ. ನೀನು ಮನೇಲಿ ಕೂತ್ಕೊಂಡು ಚೀಲ ಎಣಿಸ್ಕೋ."

"ಗೆಣಸು?"

"ಸಂತೇಲಿ ಸಿಗಲ್ವಾ ಗೆಣಸು?"

"ಸಿಗತ್ತೆ ಭಾವ. ಜೋಳಾನೂ ಸಿಗತ್ತೆ. ನೀವ್ಯಾಕೆ ಬೆಳೀತೀರಿ?"

ಓರಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವ ಕಾಫಿಯ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು.

"ಯಂತ್ರ ಹೋಗೋವಾಗ ನಿನ್ನ ಗೆಣಸು ಇನ್ನೂ ನೆಲದಲ್ಲೇ ಇರತ್ತೆ. ಕೊರಕಲಿನ ಕಡೆ ಹೋಗೋಕೆ ನನಗೆ ಬೇರೆ ದಾರಿ ಇಲ್ಲ. ಇದು ನಿನಗೆ ಗೊತ್ತಿದೆ ತಾನೆ?"

"ಗೊತ್ತಿದೆ. ಇಷ್ಟು ವರ್ಷ ಕುಡುಗೋಲು ಹಿಡ್ಕೊಂಡು ಹೋಗಿದ್ರಲ್ಲ, ಅದೇ ದಾರಿ."

"ಹಾಗಾದ್ರೆ ಕಟಾವಿನ ದಿನ ನೋಡೋಣ."

"ನೋಡೋಣ ಭಾವ."

ಮಳೆ ಬಿತ್ತು. ಭಾವನ ಟ್ರಾಕ್ಟರು ರಸ್ತೆ ಕಡೆಯ ಪಟ್ಟಿಯನ್ನು ಉತ್ತು ನಡುಪಟ್ಟಿಯ ಅಂಚಿಗೆ ಬಂದಾಗ ನೇಗಿಲನ್ನು ಮೇಲಕ್ಕೆತ್ತಿ, ಅವಳ ನೆಲವನ್ನು ಹಾಗೇ ದಾಟಿ, ಆಚೆ ಮತ್ತೆ ಇಳಿಸಿತು. ಪ್ರತಿ ವರ್ಷ ಅದರ ಜೊತೆಗೇ ಇವಳದೂ ಉಳುಮೆಯಾಗುತ್ತಿತ್ತು. ನಡುವೆ ಎರಡು ಚಕ್ರದ ಗುರುತು ಮಾತ್ರ ಉಳಿಯಿತು. ಗೆಣಸಕ್ಕ ಆ ಗುರುತನ್ನು ನೋಡುತ್ತ ನಿಂತಳು. ಆಮೇಲೆ ಗುದ್ದಲಿ ತಂದು ಮೊದಲು ಆ ಗುರುತನ್ನೇ ಅಗೆದು ಅಳಿಸಿದಳು. ಉಳಿದದ್ದಕ್ಕೆ ಪಕ್ಕದ ಊರಿನಿಂದ ಎತ್ತಿನ ಜೋಡಿ ಕರೆಸಿದಳು. ಗಂಡ ಅಂಗಡಿ ಮುಚ್ಚಿ ಬಂದು ದಿಣ್ಣೆ ಏರಿಸಿಕೊಟ್ಟ. ಗೆಣಸಿಗೆ ಹೀಗೆ ಸಾಲುಸಾಲಾಗಿ ಮಣ್ಣು ಏರಿಸಬೇಕು. ಸಡಿಲ ಮಣ್ಣಿನಲ್ಲೇ ಗೆಡ್ಡೆ ದಪ್ಪವಾಗುವುದು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಹಟದ ಹಿಂದೆಯೇ ಒಂದು ಸಣ್ಣ ಸೊಕ್ಕು ಬಂದು ಕೂತದ್ದನ್ನು ಅವಳು ಗಮನಿಸಲಿಲ್ಲ.

ಅಲಸಂದೆಯಲ್ಲಿ ಎರಡು ಜಾತಿ. ಒಂದು ಪೊದೆಯಾಗಿ ಮೊಣಕಾಲೆತ್ತರಕ್ಕೆ ನಿಲ್ಲುತ್ತದೆ, ಇನ್ನೊಂದು ಸಿಕ್ಕಿದ್ದನ್ನು ಹಿಡಿದು ಹತ್ತುತ್ತದೆ. ಅಕ್ಕಡಿ ಸಾಲಿಗೆ ಪೊದೆ ಅಲಸಂದೆಯೇ ಆಗಬೇಕು. ಅದರ ಬೀಜ ಇದ್ದದ್ದು ಓರಗಿತ್ತಿಯ ಅಟ್ಟದ ಮೇಲೆ. ಅತ್ತೆಯ ಕಾಲದಿಂದ ಎರಡೂ ಮನೆಯ ಬೀಜ ಅಲ್ಲೇ, ಬೂದಿ ಬೆರೆಸಿದ ಮಡಕೆಯಲ್ಲಿ ಇರುತ್ತಿತ್ತು. ಓರಗಿತ್ತಿ ತಾನಾಗಿಯೇ ಹಿತ್ತಿಲ ಗೋಡೆಯ ಹತ್ತಿರ ಬಂದು ಕರೆದಳು.

"ಏ, ಬೀಜ ತಗೊಂಡು ಹೋಗೇ. ಮಡಕೆ ಇಳಿಸಿ ಇಟ್ಟಿದ್ದೀನಿ."

"ಇದೆ ಅಕ್ಕ, ನನ್ನ ಹತ್ರ."

"ಎಲ್ಲಿಂದ ಬಂತು?"

"ಇದೆ ಅಂದ್ನಲ್ಲ."

ಅವಳ ಹತ್ತಿರ ಒಂದು ಕಾಳೂ ಇರಲಿಲ್ಲ. ನೇಗಿಲು ಎತ್ತಿಕೊಂಡು ಹೋದ ಮನೆಯ ಮಡಕೆಗೆ ಕೈ ಹಾಕಬಾರದು ಎಂದು ಮನಸ್ಸು ಗಂಟಾಗಿತ್ತು. ನೇಗಿಲು ಎತ್ತಿಸಿದ್ದು ಭಾವ, ಮಡಕೆ ಇಳಿಸಿದ್ದು ಅಕ್ಕ. ಆ ವ್ಯತ್ಯಾಸ ಅವತ್ತು ಅವಳಿಗೆ ಹೊಳೆಯಲಿಲ್ಲ. ನೇರವಾಗಿ ಗಿರಣಿಗೆ ಹೋಗಿ ಒಂದು ಸೇರು ಅಲಸಂದೆ ಕೊಂಡಳು.

"ಇದು ಹಬ್ಬೋ ಜಾತಿನಾ?"

ಗಿರಣಿಯವನು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡ. "ನಾನು ಕಾಳು ಒಡೆಯೋನು ಗೆಣಸಕ್ಕ. ಬಿತ್ತಿ ನೋಡಿಲ್ಲ. ಅಲಸಂದೆ ಅಂದ್ರೆ ಅಲಸಂದೆನೇ ಅಲ್ವಾ?"

ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿತ್ತಿದಳು.

ಜೋಳ ಹೂ ಬಿಡುವ ಹೊತ್ತಿಗೆ ಅಲಸಂದೆ ದಂಟನ್ನು ಸುತ್ತಿಕೊಂಡು ತುದಿಗೆ ಏರಿತ್ತು. ಅವಳು ದಿನವೂ ಹೋಗಿ ಕುಡಿ ಚಿವುಟಿದಳು. ಒಂದು ಕಡೆ ಚಿವುಟಿದರೆ ಇನ್ನೊಂದು ಕಡೆ ಎರಡು ಕುಡಿ ಹೊರಡುತ್ತಿತ್ತು. ಒಂದು ಗಾಳಿ ಬೀಸಿತು ನೋಡಿ, ಒಂದನ್ನೊಂದು ತಬ್ಬಿಕೊಂಡ ಸಾಲುಗಳು ಜಮಖಾನದ ಹಾಗೆ ಮಲಗಿಬಿಟ್ಟವು. ಎರಡೂ ಪಕ್ಕದಲ್ಲಿ ಭಾವನ ಜೋಳ ಮಾತ್ರ ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ ನೆಟ್ಟಗೆ ನಿಂತಿತ್ತು.

ಗಿರಣಿಯಲ್ಲಿ ಹಿಟ್ಟಿಗೆ ಕಾಯುತ್ತ ಕೂತವರಿಗೆಲ್ಲ ಅದೇ ಮಾತು.

"ಗೆಣಸಕ್ಕ ಈ ಸಲ ಜೋಳಾನೂ ನೆಲದಡೀನೇ ಬೆಳೀತಾಳಂತೆ."

ಅವಳು ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಹೌದು ಕಣಪ್ಪ. ಅಗೆಯೋಕೆ ನಿನ್ನನ್ನೇ ಕರೀತೀನಿ, ಬಂದ್ಬಿಡು" ಎಂದು ಡಬ್ಬವನ್ನು ಸಾಲಿನಲ್ಲಿಟ್ಟು ಎಲ್ಲರ ನಡುವೆಯೇ ಕೂತಳು. ಹಿಟ್ಟು ಆಗುವವರೆಗೂ ಏಳಲಿಲ್ಲ.

ಆದರೆ ಮನೆಗೆ ಬಂದು ಗಂಡನಿಗೆ ಊಟ ಬಡಿಸುವಾಗ ಹೇಳಿದಳು, "ತಪ್ಪು ನಂದೇ ರೀ. ಅಕ್ಕ ಬೀಜ ಕರೆದು ಕೊಟ್ಳು. ನಾನು ಸುಳ್ಳು ಹೇಳ್ದೆ."

"ಹೂಂ."

"ಬರೀ ಹೂಂ ಅಂದ್ರೆ?"

"ನೆಲ ಡೊಂಕು ಅಂತ ನೀನು ಹೇಳ್ಲಿಲ್ವಲ್ಲ, ಅದಕ್ಕೆ ಹೂಂ ಅಂದೆ" ಎಂದ. ಅಷ್ಟು ಉದ್ದದ ಮಾತು ಅವನಿಗೆ ಅಪರೂಪ. ಅವಳಿಗೆ ನಗು ಬಂತು.

ಮಲಗಿದ ಜೋಳ ಮತ್ತೆ ಎದ್ದು ನಿಲ್ಲಲಿಲ್ಲ. ಕಾಳು ಪೂರ್ತಿ ತುಂಬುವ ಮೊದಲೇ ಕುಯ್ದು, ಹಸಿ ತೆನೆ ಸುಟ್ಟು ತಿಂದು, ಬೇಯಿಸಿ ತಿಂದು, ದಂಟನ್ನು ಹಸುವಿಗೆ ಹಾಕಿದ್ದಾಯಿತು. ಅಲಸಂದೆಯ ಕಾಯಿ ಬಿಡಿಸಿ ಒಣಗಿಸಿದ್ದಾಯಿತು. ಜೋಳದ ನೆರಳು ಹೋದದ್ದೇ ತಡ, ಗೆಣಸಿನ ಬಳ್ಳಿ ಬಿಸಿಲು ಕಂಡು ಹೊಲವೆಲ್ಲ ಹರಡಿತು. ಅವಳು ದಿಣ್ಣೆಯಿಂದ ದಿಣ್ಣೆಗೆ ಬಳ್ಳಿ ಎತ್ತಿ ಎತ್ತಿ ಹೊರಳಿಸಿದಳು. ಹಾಗೆ ಎತ್ತದಿದ್ದರೆ ಗಂಟುಗಂಟಿಗೂ ಬೇರು ಬಿಟ್ಟು, ಬುಡದ ಗೆಡ್ಡೆ ದಪ್ಪವಾಗದೆ ಬೆರಳಿನಷ್ಟಕ್ಕೇ ನಿಲ್ಲುತ್ತದೆ. ದೂರದಿಂದ ನೋಡುವವರಿಗೆ ಅಲ್ಲಿ ಕಾಣುತ್ತಿದ್ದದ್ದು ಬರೀ ಸೊಪ್ಪು. ನಡುಪಟ್ಟಿ ಈ ವರ್ಷ ಪಾಳು ಬಿತ್ತು ಎಂದೇ ಊರವರು ತಿಳಿದರು.

ಕಟಾವಿನ ದಿನ ಯಂತ್ರ ಬಂತು. ಮನೆಯಷ್ಟೆತ್ತರದ ಕೆಂಪು ಯಂತ್ರ, ಚಕ್ರವೇ ಆಳೆತ್ತರ. ರಸ್ತೆ ಕಡೆಯ ಪಟ್ಟಿಯನ್ನು ಬೆಳಗಿನ ಬಿಸಿಲು ಏರುವುದರೊಳಗೆ ಬೋಳಿಸಿ, ಕಾಳನ್ನು ಹೊಳೆಯ ಹಾಗೆ ಸುರಿದು, ನಡುಪಟ್ಟಿಯ ಅಂಚಿಗೆ ಬಂದು ನಿಂತಿತು. ನಿಲ್ಲಲೇಬೇಕಿತ್ತು. ಎದುರಿಗೆ ದಿಣ್ಣೆಯ ಮೇಲೆ ಗೆಣಸಕ್ಕ ನಿಂತಿದ್ದಳು.

ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. ಹೊರಗಿನವನು, ಪಾಪ, ಮರ್ಯಾದೆಯಿಂದಲೇ ಕೇಳಿದ. "ಅಮ್ಮಾ, ಸ್ವಲ್ಪ ಆ ಕಡೆ ಸರೀರಿ. ಖಾಲಿ ಹೊಲ ಅಲ್ವಾ, ಒಂದ್ಸಲ ದಾಟ್ಕೊಂಡು ಹೋಗ್ಬಿಡ್ತೀನಿ."

"ಖಾಲಿ ಅಂತ ಯಾರಪ್ಪ ಹೇಳಿದ್ದು?"

"ಬಳ್ಳಿ ತಾನೇ. ಚಕ್ರ ಹರಿದ್ರೂ ಮತ್ತೆ ಚಿಗುರತ್ತೆ."

"ಮೇಲಿರೋದು ಚಿಗುರತ್ತೆ. ಕೆಳಗಿರೋದು ಚಿಗುರಲ್ಲ." ಅವಳು ಕೂತು ಬುಡದ ಮಣ್ಣನ್ನು ಬೆರಳಿನಿಂದ ಬಿಡಿಸಿದಳು. ಕೆಂಪಗಿನ ಗೆಡ್ಡೆ, ಕೂಸಿನ ಮುಂಗೈ ಗಾತ್ರದ್ದು, ಇನ್ನೂ ಬೆಳೆಯುತ್ತಿತ್ತು. ಡ್ರೈವರ್ ಅದನ್ನು ನೋಡಿ ಯಂತ್ರ ಆರಿಸಿದ.

ಭಾವ ಬಂದರು. "ಏನಮ್ಮಾ ಇದು? ನಾಲ್ಕು ಸಾಲು ಹೋಗಬಹುದು ಅಷ್ಟೆ. ಅದಕ್ಕೆ ಎರಡರಷ್ಟು ಜೋಳ ಕೊಡ್ತೀನಿ. ಎಲ್ಲರೆದುರು ಹೇಳ್ತಿದ್ದೀನಿ."

"ನಾಲ್ಕು ಸಾಲಿನ ಮಾತಲ್ಲ ಭಾವ. ಇವತ್ತು ಚಕ್ರ ಹೋದ ಜಾಗ ನಾಳೆ ದಾರಿ ಆಗತ್ತೆ. ನಾಡಿದ್ದು ನಾನು ನಿಮ್ಮ ದಾರೀಲಿ ಬೆಳೆ ಇಟ್ಟವಳು ಆಗ್ತೀನಿ."

"ನಾನು ಹಾಗೆ ಅಂತೀನಾ?"

"ನೀವು ಅನ್ನಲ್ಲ. ದಾರಿ ಅನ್ನತ್ತೆ."

ಜನ ಸೇರಿದ್ದರು. ಭಾವನ ಮುಖ ಬಿಸಿಲಿಗಿಂತ ಕೆಂಪಾಗಿತ್ತು. ಯಾರನ್ನೋ ಓಡಿಸಿ ತಮ್ಮನನ್ನು ಕರೆಸಿದರು. ಅವನು ಮುಖದ ಮುಚ್ಚಿಗೆಯನ್ನು ತಲೆಯ ಮೇಲಕ್ಕೆ ಸರಿಸಿಕೊಂಡು, ಕೈಗವಸಿನಲ್ಲೇ ಬಂದ.

"ನಿನ್ನ ಹೆಂಡ್ತಿಗೆ ಸ್ವಲ್ಪ ಹೇಳೋ."

ಅವನು ಯಂತ್ರವನ್ನು ನೋಡಿದ, ಹೆಂಡತಿಯನ್ನು ನೋಡಿದ. "ಮದುವೆ ಆದಾಗಿಂದ ಹೇಳ್ತಾನೇ ಇದ್ದೀನಿ ಅಣ್ಣ" ಎಂದ. ಆಮೇಲೆ ಕೈಗವಸು ತೆಗೆದು ಜೇಬಿಗೆ ತುರುಕಿ, ದಿಣ್ಣೆ ತುಳಿಯದ ಹಾಗೆ ತಗ್ಗಿನಲ್ಲೇ ಕಾಲಿಟ್ಟು ಹೋಗಿ ಹೆಂಡತಿಯ ಪಕ್ಕ ಕೂತುಬಿಟ್ಟ.

ಜನರಲ್ಲಿ ಯಾರೋ ನಕ್ಕರು. ಭಾವ ನಗಲಿಲ್ಲ. ಡ್ರೈವರಿಗೆ ಬೇರೆ ಊರಿನಲ್ಲಿ ಕೆಲಸ ಕಾದಿತ್ತು. ಅವನು ಒಂದಷ್ಟು ಹೊತ್ತು ಅವರ ಮುಖ ಇವರ ಮುಖ ನೋಡಿ, ಯಂತ್ರ ತಿರುಗಿಸಿಕೊಂಡು ರಸ್ತೆಗೆ ಹತ್ತಿದ.

ಆಚೆ, ಕೊರಕಲಿನ ಕಡೆ, ಭಾವನ ಅರ್ಧ ಬೆಳೆ ಒಣಗಿ ನಿಂತಿತ್ತು. ಆಕಾಶದ ಒಂದು ಮೂಲೆ ಕಪ್ಪಾಗುತ್ತಿತ್ತು. ಒಣಗಿದ ತೆನೆಯ ಮೇಲೆ ಮಳೆ ಬಿದ್ದರೆ ಬೂಸ್ಟು ಹಿಡಿಯುತ್ತದೆ. ಯಂತ್ರ ಬರುತ್ತದೆ ಎಂದು ಆ ವರ್ಷ ಆಳುಗಳನ್ನು ಯಾರೂ ಕರೆದಿರಲಿಲ್ಲ, ಅವರು ಬೇರೆ ಕಡೆ ಹೋಗಿಯಾಗಿತ್ತು. ಭಾವ ಬದುವಿನ ಮೇಲೆ ತಲೆ ಹಿಡಿದು ಕೂತರು.

ಗೆಣಸಕ್ಕ ಎದ್ದು ಸೀರೆಯ ಮಣ್ಣು ಕೊಡವಿದಳು. ಮನೆಗೆ ಹೋದಳು ಎಂದುಕೊಂಡರು ಜನ. ಅವಳು ಕುಡುಗೋಲು ಹಿಡಿದು ವಾಪಸ್ಸು ಬಂದಳು.

"ಎಲ್ಲಿಗೆ?" ಎಂದರು ಭಾವ.

"ನಿಮ್ಮ ಜೋಳ ಕುಯ್ಯೋಕೆ."

"ನೀನು ಬೇಡ. ನಿನ್ನ ಉಪಕಾರ ಬೇಡ ನನಗೆ."

"ಉಪಕಾರ ಅಂತ ಯಾರಂದ್ರು? ದೇವರು ಕೊಟ್ಟಿದ್ದು ಹೊಲದಲ್ಲಿ ನಿಂತು ಕೊಳೀತಿದ್ರೆ ಪಕ್ಕದಲ್ಲಿ ಕೂತು ನೋಡೋಕೆ ನನ್ನಿಂದ ಆಗಲ್ಲ. ನೀವು ಬೇಕಾದ್ರೆ ಬೈತಾ ಕೂತಿರಿ. ಕೈ ನಂದು, ಕುಡುಗೋಲೂ ನಂದು."

ತಗ್ಗಿನಲ್ಲಿ ನಡೆದು ತನ್ನ ಪಟ್ಟಿ ದಾಟಿ ಆಚೆ ಹೋದಳು. ಹಿಂದೆಯೇ ಗಂಡ ಹೋದ. ಓರಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಇರೇ, ಒಬ್ಬಳೇ ಎಲ್ಲಾ ಹೆಸರು ತಗೋಬೇಡ" ಎಂದು ಓಡಿಬಂದಳು. ನಗಲು ಬಂದಿದ್ದ ಗಿರಣಿಯವನಿಗೂ ಸುಮ್ಮನೆ ನಿಲ್ಲಲು ಆಗಲಿಲ್ಲ. ಕೆಲವು ಹೆಂಗಸರು ಬುಟ್ಟಿ ತಂದರು. ತೆನೆ ತುಂಬಿದ ಬುಟ್ಟಿಗಳು ಒಂದರ ಹಿಂದೆ ಒಂದು ನಡುಪಟ್ಟಿಯ ತಗ್ಗುಗಳಲ್ಲೇ ಹಾದು ರಸ್ತೆಗೆ ಬಂದವು. ಗೆಣಸಕ್ಕ ತೆನೆ ಮುರಿಯುತ್ತಲೇ ಅಲ್ಲಿಂದ ಕೂಗುತ್ತಿದ್ದಳು, "ತಗ್ಗಲ್ಲಿ ಕಾಲಿಡಿ, ದಿಣ್ಣೆ ಮೇಲೆ ಬೇಡ. ಗಿರಣಿಯಪ್ಪ, ನಿನ್ನ ಕಾಲು ಆನೆ ಕಾಲು, ನೋಡ್ಕೊಂಡು."

"ಸೊಪ್ಪಿನ ಮೇಲೆ ನಡೆದ್ರೂ ಸುಂಕ ಹಾಕ್ತೀಯಲ್ಲ ತಾಯಿ" ಎಂದ ಅವನು, ಆದರೂ ತುದಿಗಾಲಲ್ಲೇ ನಡೆದ.

ಓರಗಿತ್ತಿ ಪಕ್ಕದ ಸಾಲಿನಲ್ಲಿದ್ದಳು. ಕೈ ನಿಲ್ಲಿಸದೆ ಗೆಣಸಕ್ಕ ಹೇಳಿದಳು, "ಅಕ್ಕ, ಅವತ್ತು ಬೀಜ ಇದೆ ಅಂದಿದ್ದು ಸುಳ್ಳು."

"ಗೊತ್ತು ಕಣೆ. ನಿನ್ನ ಜೋಳ ಮಲಗಿದಾಗ್ಲೇ ಗೊತ್ತಾಯ್ತು. ಮಡಕೆ ಇನ್ನೂ ಕೆಳಗೇ ಇದೆ, ಮೇಲೆ ಇಟ್ಟಿಲ್ಲ."

ಮಧ್ಯಾಹ್ನದ ಹೊತ್ತಿಗೆ ಭಾವನೂ ಎದ್ದು ಬಂದರು. ಯಾರ ಮುಖವನ್ನೂ ನೋಡದೆ ಇನ್ನೊಂದು ತುದಿಯಿಂದ ಮುರಿಯತೊಡಗಿದರು. ಕತ್ತಲಾಗುವ ಮೊದಲು ಒಂದಷ್ಟು, ಮರುದಿನ ಉಳಿದದ್ದು. ಮಳೆ ನಾಲ್ಕು ಹನಿ ಉದುರಿಸಿ ಬೇರೆ ಕಡೆ ಹೋಯಿತು. ಭಾವನ ಜೋಳ ಆ ವರ್ಷ ಚೆನ್ನಾಗಿಯೇ ಬಂತು. ಗೆಣಸಕ್ಕನದು ಕೆಟ್ಟಿತ್ತು. ಅದನ್ನು ಮುಚ್ಚಿಟ್ಟು ಹೇಳಿದರೆ ಅವಳಿಗೇ ಒಪ್ಪಿಗೆಯಾಗದು.

ಆಮೇಲೆ ಬಿಸಿಲು ಬಲಿಯಿತು. ಗೆಡ್ಡೆ ಉಬ್ಬಿದ ಕಡೆ ದಿಣ್ಣೆ ಬಿರುಕು ಬಿಡತೊಡಗಿತು. ಬಿರುಕಿನೊಳಗೆ ಹುಳ ಇಳಿಯುತ್ತದೆ. ಗೆಣಸಕ್ಕ ದಿನಾ ಹೋಗಿ ಅಂಗಾಲಿನಿಂದ ಮಣ್ಣು ಎಳೆದು ಬಿರುಕು ಮುಚ್ಚಿ, ಅಂದಿಗೆ ಬೇಕಾದಷ್ಟು ಗೆಣಸು ಅಗೆದು ತರುತ್ತಿದ್ದಳು. ಅಗೆಯುವುದು ಸುಲಭದ ಕೆಲಸವಲ್ಲ. ಗುದ್ದಲಿ ತಗುಲಿದ ಗೆಡ್ಡೆ ಎರಡು ದಿನ ಉಳಿಯುವುದಿಲ್ಲ. ಬಗ್ಗಿ, ಮಣ್ಣು ಬಿಡಿಸಿ, ಕೈಯಿಂದಲೇ ಎತ್ತಬೇಕು. ಆ ವರ್ಷ ಅವಳ ಸೊಂಟ ಹಿಡಿದಿತ್ತು. ಎದ್ದು ನಿಲ್ಲುವಾಗ ಒಂದು ಕೈ ಮೊಣಕಾಲಿನ ಮೇಲೆ ಊರುತ್ತಿದ್ದದ್ದನ್ನು ಎಲ್ಲರೂ ನೋಡಿದ್ದರು.

ಭಾವನೂ ನೋಡಿರಬೇಕು. ಒಂದು ದಿನ ಟ್ರಾಕ್ಟರಿಗೆ ನೇಗಿಲು ಕಟ್ಟಿಕೊಂಡು ತಾವೇ ನಡೆಸಿಕೊಂಡು ಬಂದು, ಅವಳ ಪಟ್ಟಿಯ ಹೊರಗೇ ನಿಲ್ಲಿಸಿ ಇಳಿದರು. ಅಂಚಿನಲ್ಲಿ ನಿಂತು ಕೇಳಿಕೊಂಡು ಒಳಗೆ ಕಾಲಿಡುವುದು ಅವರಿಗೆ ಹೊಸದು. ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಹೇಗೂ ಖಾಲಿ ಕೂತಿದ್ದೀನಿ. ಒಂದು ಸುತ್ತು ಹೊಡೆದ್ರೆ ಗೆಣಸೆಲ್ಲಾ ಮೇಲೆ ಬರತ್ತೆ. ನೀನು ಆರಿಸ್ಕೊಂಡು ಹೋದ್ರಾಯ್ತು. ಡೀಸೆಲ್ ಗೀಸೆಲ್ ಅಂತ ಏನೂ ಕೇಳಲ್ಲ. ಅವತ್ತು ನೀನು ಮಾಡಿದ್ದಕ್ಕೆ... ಸುಮ್ನೆ, ನನ್ನ ಖುಷಿಗೆ."

ಮಾತಿನಲ್ಲಿ ಕಪಟ ಇರಲಿಲ್ಲ. ಗೆಣಸಕ್ಕ ಮೊಣಕಾಲಿಗೆ ಕೈ ಊರಿ ಎದ್ದಳು. ಉಳಿದಿದ್ದ ಸಾಲುಗಳನ್ನು ಒಮ್ಮೆ ನೋಡಿದಳು. ಸೊಂಟ ಹೂಂ ಎನ್ನು ಎಂದು ಹೇಳುತ್ತಿತ್ತು.

"ಬೇಡ ಭಾವ."

"ಇನ್ನೂ ಕೋಪಾನಾ?"

"ಕೋಪ ಇದ್ದಿದ್ರೆ ನಿಮ್ಮ ತೆನೆ ಮುರೀತಿದ್ನಾ? ನೀವು ಕೇಳಿದ್ದೇ ನನಗೆ ಬೇಕಾದಷ್ಟು ಆಯ್ತು. ಆದ್ರೆ ನೇಗಿಲು ಒಂದೇ ದಿನ ಎಲ್ಲಾನೂ ಮೇಲೆ ಎಸೆಯತ್ತೆ. ಒಂದೇ ದಿನ ಬಂದಿದ್ದನ್ನ ಒಂದೇ ದಿನ ಮಾರ್ಬೇಕು, ಇಲ್ಲ ಕೊಳೆಸ್ಬೇಕು. ನನಗೆ ಬೇಕಾದಾಗ, ಬೇಕಾದಷ್ಟು ನಾನೇ ಅಗೆದ್ಕೋತೀನಿ. ಈ ಕಣಜದ ಬೀಗದ ಕೈ ನನ್ನ ಹತ್ರಾನೇ ಇರ್ಲಿ."

"ಸೊಂಟ ಮುರಿದುಕೊಳ್ತೀಯ."

"ನನ್ನ ಸೊಂಟ ತಾನೆ."

ಭಾವ ತಲೆ ಅಲ್ಲಾಡಿಸಿದರು. ಬಾಯಿಯ ಒಂದು ಮೂಲೆಯಲ್ಲಿ ನಗು ಇತ್ತೋ ಏನೋ, ಮೀಸೆಯಲ್ಲಿ ಸರಿಯಾಗಿ ಕಾಣಲಿಲ್ಲ. ಹತ್ತಿ ಕೂತು ಟ್ರಾಕ್ಟರನ್ನು ಹಿಂದಕ್ಕೆ ತಿರುಗಿಸತೊಡಗಿದರು.

"ಭಾವ, ಮೆಲ್ಲಗೆ" ಎಂದಳು ಗೆಣಸಕ್ಕ. "ಹಿಂದಿನ ಚಕ್ರ ನನ್ನ ಕಡೆ ಬರ್ತಿದೆ."